ನಿಮಗಿದು ಗೊತ್ತೇ? ಪಹಣಿ, ಹೆಬ್ಬೆಟ್ಟು ಮತ್ತು ಮಾಹಿತಿ ದಲ್ಲಾಳಿಗಳು

● ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕುಗಳ ಯಾವ ಊರಿನ ಸರ್ವೆ ನಂಬರನ್ನಾದರೂ ಕಂಪ್ಯೂಟರಿನಲ್ಲಿ ಒತ್ತಿ ನೋಡಿ. ಜಮೀನು ಯಾರ ಹೆಸರಿನಲ್ಲಿದೆ, ಅವರ ತಂದೆ ಯಾರು, ಎಷ್ಟು ಎಕರೆ ಎಷ್ಟು ಗುಂಟೆ, ಎಲ್ಲವೂ ಕಣ್ಣೆದುರಿಗೆ ಬರುತ್ತವೆ. 11ನೇ ಕಲಂಗೆ ಹೋದರೆ ಬ್ಯಾಂಕಿನ ಸಾಲವೂ ಕಾಣುತ್ತದೆ. ನೋಡುವವರು ಪಕ್ಕದ ಊರಿನವರೇ ಆಗಬೇಕಿಲ್ಲ, ದೆಹಲಿಯಲ್ಲಿ ಕೂತವರೂ ನೋಡಬಹುದು. 2000ದ ಹೊತ್ತಿಗೆ ಜಾರಿಗೆ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಒಂದು ಪಹಣಿಗಾಗಿ ದಿನಗಟ್ಟಲೆ ಕಾಯುವ ಕಷ್ಟ ತಪ್ಪಿತು. ಆ ಉಪಕಾರವನ್ನು ಯಾರೂ ಮರೆಯಬಾರದು. ಆದರೆ ಅದೇ ಬಾಗಿಲಿನಿಂದ ಯಾರು ಯಾರು ಒಳಗೆ ಬರುತ್ತಿದ್ದಾರೆ ಎಂದು ಕೇಳುವುದೂ ನಮ್ಮ ಹಕ್ಕೇ.

● ಪಹಣಿಯಲ್ಲಿ ಹೆಸರು ಬರುವುದೆಂದರೆ ಒಂದು ಕಾಲಕ್ಕೆ ಬದುಕೇ ಬದಲಾದಂತೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಗೇಣಿದಾರರು ಫಾರಂ ನಂಬರ್ 7 ತುಂಬಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಉತ್ತ ನೆಲಕ್ಕೆ ತಮ್ಮ ಹೆಸರು ಬರೆಸಿಕೊಂಡರು. ಅವರ ಮೊಮ್ಮಕ್ಕಳ ಹೆಸರು ಮತ್ತು ಸಾಲ ಈಗ ಯಾರದೋ ಪಟ್ಟಿಯಲ್ಲಿ ಒಂದು ಸಾಲಾಗಿ ಬಿಕರಿಯಾಗುವ ಹಾಗಿದೆ. ನನಗೆ ಇದಕ್ಕಿಂತ ನೋವಿನ ಸಂಗತಿ ಇನ್ನೊಂದು ಕಾಣುತ್ತಿಲ್ಲ.

● ಕ್ರಯಪತ್ರ ಮಾಡಿಸುವಾಗ ಎಷ್ಟೇ ಓದಿದವರಾದರೂ ಬೆರಳಚ್ಚು ಕೊಡಲೇಬೇಕು. 1908ರ ನೋಂದಣಿ ಕಾಯ್ದೆಗೆ 2001ರ ತಿದ್ದುಪಡಿಯಲ್ಲಿ ಸೇರಿದ 32-ಎ ಕಲಂ ಇದಕ್ಕೆ ಕಾರಣ. ಬೇರೊಬ್ಬರ ಹೆಸರಿನಲ್ಲಿ ಬಂದು ನಿಂತು ಜಮೀನು ಮಾರಿ ಹೋಗುವ ಮೋಸ ತಡೆಯಲು, ಕೊಳ್ಳುವವರ ಮತ್ತು ಮಾರುವವರ ಫೋಟೊ, ಬೆರಳಚ್ಚು ಎರಡೂ ಪತ್ರದ ಮೇಲೆ ಇರಬೇಕೆಂದು ಈ ಕಲಂ ಹೇಳುತ್ತದೆ.

● ಮೋಸ ತಡೆಯಲು ಕೊಟ್ಟ ಆ ಬೆರಳಚ್ಚೇ 2023ರಲ್ಲಿ ಕರ್ನಾಟಕದಲ್ಲಿ ಮೋಸಕ್ಕೆ ದಾರಿಯಾಯಿತು. ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದಿಂದ ಜನರ ಕ್ರಯಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಬಳಸಿ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಂಗಳೂರಿನಲ್ಲೂ ಮಂಗಳೂರಿನಲ್ಲೂ ದಾಖಲಾದವು. ಮಂಗಳೂರು ಪೊಲೀಸರು ಈ ಆರೋಪದ ಮೇಲೆ ಬಿಹಾರದ ಮೂವರನ್ನು ಬಂಧಿಸಿದರು. ದುಡ್ಡು ಹೋದವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಅವರು ಮಾಡಿದ್ದು ಇಷ್ಟೇ: ಕಾನೂನಿನಂತೆ ಸೈಟನ್ನೋ ಜಮೀನನ್ನೋ ನೋಂದಾಯಿಸಿದ್ದು.

● ಹಾಗಾದರೆ ಒಟಿಪಿ ಇಲ್ಲದೆ ಹಣ ಹೋದದ್ದು ಹೇಗೆ? ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಬ್ಯಾಂಕು ದೂರವಿರುವ ಊರುಗಳಲ್ಲಿ ವೃದ್ಧಾಪ್ಯ ವೇತನ, ವಿಧವಾ ವೇತನ ತೆಗೆಯುವ ಅಜ್ಜ ಅಜ್ಜಿಯರಿಗೆ ಇದರಿಂದ ನಿಜವಾದ ಅನುಕೂಲವಾಗಿದೆ. ಊರಿನಲ್ಲೇ ಬ್ಯಾಂಕ್ ಪ್ರತಿನಿಧಿಯ ಯಂತ್ರದ ಮೇಲೆ ಬೆರಳಿಟ್ಟರೆ ಸಾಕು, ಒಂದು ಸಲಕ್ಕೆ 10,000 ರೂಪಾಯಿಯವರೆಗೆ ಕೈಗೆ ಬರುತ್ತದೆ. ಎಟಿಎಂ ಕಾರ್ಡು ಕಳೆದರೆ ಹೊಸ ಕಾರ್ಡು ಕೊಡುತ್ತಾರೆ, ಪಿನ್ ಬದಲಾಯಿಸಬಹುದು. ಹೆಬ್ಬೆರಳಿನ ಗೆರೆ ಬದಲಾಯಿಸುವುದಕ್ಕೆ ಆಗುವುದಿಲ್ಲ. ಪ್ರಕರಣಗಳು ಹೊರಬಂದ ಮೇಲೆ, ಇಳಿಸಿಕೊಳ್ಳುವ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮುಚ್ಚುವ ಕ್ರಮವನ್ನು ಸರ್ಕಾರ ಕೈಗೊಂಡಿತು. ಅದಕ್ಕೂ ಮೊದಲು ಹೊರಗೆ ಹೋದ ಪ್ರತಿಗಳನ್ನು ಮಾತ್ರ ಯಾರೂ ವಾಪಸು ತರಲಾರರು.

● ಆದ್ದರಿಂದ ಬೆರಳಿಗೇ ಬೀಗ ಹಾಕಿಡಿ. ಆಧಾರ್ ಆ್ಯಪಿನಲ್ಲಾಗಲಿ ಆಧಾರ್ ಜಾಲತಾಣದಲ್ಲಾಗಲಿ ‘ಬಯೋಮೆಟ್ರಿಕ್ ಲಾಕ್’ ಮಾಡಬಹುದು. ಬೀಗ ಹಾಕಿದ ಮೇಲೆ ನಿಮ್ಮ ಬೆರಳಿನ ನಕಲಿರಲಿ, ನಿಮ್ಮ ಬೆರಳನ್ನೇ ಇಟ್ಟರೂ ಹಣ ಬರುವುದಿಲ್ಲ. ಬೇಕಾದಾಗ ತೆರೆದು, ಕೆಲಸ ಮುಗಿದ ಮೇಲೆ ಮತ್ತೆ ಹಾಕಿದರಾಯಿತು. ಮನೆಯಲ್ಲಿ ಸ್ಮಾರ್ಟ್‌ಫೋನ್ ಬಾರದ ಹಿರಿಯರಿದ್ದರೆ ಮಕ್ಕಳೇ ಮಾಡಿಕೊಡಬೇಕಾದ ಕೆಲಸ ಇದು. ಹಾಗೆಯೇ ಪಡಿತರಕ್ಕೋ ಪಿಂಚಣಿಗೋ ಬೆರಳಿಡುವ ದಿನ ಬೀಗ ತೆಗೆದುಕೊಡಲೂ ಮರೆಯಬಾರದು.

● ಎಲ್ಲ ಸಂಖ್ಯೆಯೂ ಕಾಣುವ ಆಧಾರ್ ಪ್ರತಿಯನ್ನು ಎಲ್ಲ ಕಡೆ ಕೊಡಬೇಕಿಲ್ಲ. ಕೊನೆಯ 4 ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಇದೆ, ಉಚಿತವಾಗಿ ಇಳಿಸಿಕೊಳ್ಳಬಹುದು.

● 1908ರ ನೋಂದಣಿ ಕಾಯ್ದೆ ಬರೆದವರಿಗೆ ಕಂಪ್ಯೂಟರ್ ಎಂದರೇನೆಂದು ಗೊತ್ತಿರಲಿಲ್ಲ. ಆದರೂ ಗುಟ್ಟು ಎಂದರೇನೆಂದು ಗೊತ್ತಿತ್ತು. ಆ ಕಾಯ್ದೆಯ 57ನೇ ಕಲಂ ಪ್ರಕಾರ ಜಮೀನಿನ ಕ್ರಯಪತ್ರಗಳಿರುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಉಯಿಲುಗಳಿರುವ 3ನೇ ಪುಸ್ತಕವನ್ನು ಹಾಗೆ ನೋಡುವಂತಿಲ್ಲ. ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ಪ್ರತಿ ಸಿಗುತ್ತದೆ. ಯಾವುದು ನಾಲ್ಕು ಜನರಿಗೆ ತಿಳಿದಿರಬೇಕು, ಯಾವುದು ಮುಚ್ಚಿರಬೇಕು ಎಂಬ ವಿವೇಕ ನೂರು ವರ್ಷಕ್ಕೂ ಹಿಂದಿನ ಕಾಗದದಲ್ಲೇ ಇದೆ. ಶುಲ್ಕ ಕಟ್ಟಿ, ಕಚೇರಿಗೆ ಬಂದು, ಪುಸ್ತಕ ತಿರುವಿ ನೋಡುವ ಕಾಲಕ್ಕೆ ಬರೆದ ನಿಯಮ ಅದು. ಒಬ್ಬನೇ ಕೂತು ರಾಶಿ ರಾಶಿ ಪತ್ರ ಇಳಿಸಿಕೊಳ್ಳುವ ಕಾಲ ಬಂದಾಗ ಆ ವಿವೇಕವನ್ನು ಮತ್ತೊಮ್ಮೆ ಬಳಸಬೇಕಿತ್ತು.

● ಮಾಹಿತಿ ದಲ್ಲಾಳಿ ಎಂದರೆ ಯಾರು? ಮಂಡಿಯ ದಲ್ಲಾಳಿಯಂತೆ ಅವರೂ ಒಂದು ಕಡೆ ಕೊಂಡು ಇನ್ನೊಂದು ಕಡೆ ಮಾರುತ್ತಾರೆ. ಮಂಡಿಯಲ್ಲಾದರೆ ಬೆಳೆದವರಿಗೆ ದುಡ್ಡು ಬರುತ್ತದೆ. ಇಲ್ಲಿ ಸರಕು ನಾವೇ, ಮತ್ತು ಮಾರಾಟವಾದದ್ದೇ ನಮಗೆ ತಿಳಿಯುವುದಿಲ್ಲ. 2023ರಲ್ಲಿ ಹೈದರಾಬಾದಿನ ಸೈಬರಾಬಾದ್ ಪೊಲೀಸರು ಹಿಡಿದ ಒಂದು ಪ್ರಕರಣದಲ್ಲಿ 24 ರಾಜ್ಯಗಳು ಮತ್ತು 8 ಮಹಾನಗರಗಳ 66.9 ಕೋಟಿ ವ್ಯಕ್ತಿಗಳ ಹಾಗೂ ಸಂಸ್ಥೆಗಳ ಮಾಹಿತಿ ಸಿಕ್ಕಿತೆಂದು ಪೊಲೀಸರು ಹೇಳಿದರು. ವಿದ್ಯಾರ್ಥಿಗಳು, ಸಂಬಳದಾರರು, ವಾಹನ ಮಾಲೀಕರು ಎಂದು ಸುಮಾರು 104 ಬಗೆಯಾಗಿ ವಿಂಗಡಿಸಿ ಇಟ್ಟಿದ್ದರಂತೆ.

● ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಅಲ್ಲಿನ 9 ದಲ್ಲಾಳಿ ಕಂಪನಿಗಳನ್ನು ಪರಿಶೀಲಿಸಿತ್ತು. ಅವುಗಳಲ್ಲಿ ಒಂದರ ಬಳಿ ಹೆಚ್ಚುಕಡಿಮೆ ಪ್ರತಿಯೊಬ್ಬ ಅಮೆರಿಕನ್ ಗ್ರಾಹಕನ ಬಗ್ಗೆಯೂ 3,000 ಗುರುತುಗಳಿದ್ದವು. 2018ರಲ್ಲಿ ವರ್ಮಾಂಟ್ ಎಂಬ ಪುಟ್ಟ ರಾಜ್ಯ, ದಲ್ಲಾಳಿಗಳು ಸರ್ಕಾರದಲ್ಲಿ ಹೆಸರು ನೋಂದಾಯಿಸಲೇಬೇಕೆಂಬ ಕಾನೂನು ತಂದಿತು. ನಮ್ಮಲ್ಲಿ ಅಂಥ ನೋಂದಣಿ ಇಲ್ಲ.

● ನಮ್ಮ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಬೆಳೆಗಾರರು ತಂಬಾಕು ಮಂಡಳಿಯಲ್ಲಿ ನೋಂದಾಯಿಸಿಕೊಂಡು, ಕಟ್ಟೆಮಳಲವಾಡಿಯೋ ಕಂಪಲಾಪುರವೋ, ತಮಗೆ ಗೊತ್ತುಮಾಡಿದ ಹರಾಜು ಮಾರುಕಟ್ಟೆಗೇ ಬೇಲು ಒಯ್ಯಬೇಕು. ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಹರಾಜು ಯಾವಾಗ ಶುರುವಾಗುತ್ತದೆಂಬುದು ಪತ್ರಿಕೆಯಲ್ಲೇ ಬರುತ್ತದೆ. ಈಗ ಒಬ್ಬರ ಬಳಿ ಪಹಣಿಯಿಂದ ತೆಗೆದ ಹೆಸರು ಮತ್ತು ಸಾಲ, ಇನ್ನೆಲ್ಲಿಂದಲೋ ಕೊಂಡ ಫೋನ್ ನಂಬರು, ಬೆಳೆಯ ವಿವರ ಇವೆ ಎಂದುಕೊಳ್ಳಿ. ಆ ಮನೆಗೆ ದುಡ್ಡು ಬರುವ ತಿಂಗಳನ್ನೂ ಅವರು ಲೆಕ್ಕ ಹಾಕಬಲ್ಲರು. ಒಂದೊಂದೇ ಚೂರು ನೋಡಿದರೆ ಏನೂ ಅಲ್ಲ. ಚೂರುಗಳನ್ನು ಜೋಡಿಸುವುದೇ ದಲ್ಲಾಳಿಯ ಕಸುಬು. ‘ನಿಮ್ಮ ಸಾಲ ಇಷ್ಟಿದೆ’ ಎಂದು ನಿಖರವಾಗಿ ಹೇಳಿದ ಅಪರಿಚಿತ ಕರೆ ನಮ್ಮ ಮನೆಗೂ ಬಂದಿದೆ. ಅಷ್ಟು ಗೊತ್ತಿದೆಯೆಂದ ಮೇಲೆ ಬ್ಯಾಂಕಿನವರೇ ಇರಬೇಕೆಂದು ನಂಬುವುದು ಸಹಜ. ಈ ಮೋಸ ನಿಂತಿರುವುದೇ ಆ ನಂಬಿಕೆಯ ಮೇಲೆ.

● ಬ್ಯಾಂಕು, ವಿಮೆಯಂಥ ಸಂಸ್ಥೆಗಳ ಸೇವಾ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನು ಗೊತ್ತುಮಾಡಲಾಗಿದೆ. ಜಾಹೀರಾತಿನ ಕರೆಗಳಿಗೆ 140.

● ಅಂಗಡಿಯಲ್ಲಿ ಬಿಲ್ ಹಾಕುವಾಗ ಫೋನ್ ನಂಬರು ಹೇಳಲೇಬೇಕೆ? ಬೇಕಿಲ್ಲ. ನಂಬರು ಕೊಡದಿದ್ದರೆ ಸಾಮಾನು ಕೊಡುವುದಿಲ್ಲ ಎಂದು ಹೇಳುವುದು ಸರಿಯಲ್ಲವೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ವ್ಯಾಪಾರಿಗಳಿಗೆ ಸೂಚನೆ ಕೊಟ್ಟಿದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

● ನನ್ನ ಮಟ್ಟಿಗೆ ಈ ಅಂಕಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಗ್ರಾಹಕರು ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು, ಯಾವುದಾದರೂ ಕಾನೂನು ಹೇಳಿದ ಹೊರತು, ಇನ್ನೊಬ್ಬರಿಗೆ ತಿಳಿಸುವುದೇ ‘ಅನುಚಿತ ವ್ಯಾಪಾರ ಪದ್ಧತಿ’. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47) ಕಲಂನಲ್ಲಿ ಹೀಗೆಂದು ಬರೆದಿದೆ. 2020ರ ಜುಲೈ 20ರಿಂದ ಜಾರಿಯಲ್ಲಿದೆ. ತೂಕದಲ್ಲಿ ಮೋಸವಾದರೆ, ಕೆಟ್ಟ ಬಿತ್ತನೆ ಬೀಜ ಕೊಟ್ಟರೆ ಗ್ರಾಹಕರ ಕೋರ್ಟಿಗೆ ಹೋಗಬಹುದೆಂದು ನಮ್ಮ ಜನರಿಗೆ ಗೊತ್ತು. ಫೋನ್ ನಂಬರು ಮಾರಿದರೂ ಹೋಗಬಹುದೆಂದು ಎಷ್ಟು ಮಂದಿಗೆ ಗೊತ್ತು? ವ್ಯಾಪಾರಿ ಬೆಂಗಳೂರಿನವನಾಗಲಿ ಮುಂಬೈಯವನಾಗಲಿ, ಸರಗೂರಿನ ಕಡೆಯವರು ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ದೂರುದಾರರು ಇರುವ ಜಾಗವೇ ಸಾಕೆಂದು ಹೊಸ ಕಾಯ್ದೆ ಹೇಳುತ್ತದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ಕಟ್ಟಳೆಯೂ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು. ಒಂದು ಷರತ್ತಿದೆ: ನೀವು ಹಣ ಕೊಟ್ಟ ಗ್ರಾಹಕರಾಗಿರಬೇಕು. ಆದ್ದರಿಂದ ಬಿಲ್ಲು ಎತ್ತಿಡಿ.

● ‘ಖಾಸಗಿತನ ಮೂಲಭೂತ ಹಕ್ಕು’ ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ಕನ್ನಡಿಗರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತು ದಾಟಿತ್ತು. 2024ರಲ್ಲಿ ತೀರಿಕೊಂಡರು.

● ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಲಂಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ತಿಂಗಳವರೆಗೆ. ಮಾಹಿತಿ ಸೋರದಂತೆ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡ ಬೀಳಬಹುದು. ಕೇಳಲು ದೊಡ್ಡ ಮೊತ್ತ. ಆ ದಂಡ ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವರಿಗೆ ಪರಿಹಾರ ಕೊಡಿಸುತ್ತಿದ್ದ ಐಟಿ ಕಾಯ್ದೆಯ 43-ಎ ಕಲಂ ಅನ್ನು ಇದೇ ಹೊಸ ಕಾಯ್ದೆ ತೆಗೆದುಹಾಕುತ್ತದೆ. ಇದು ತಪ್ಪೆಂದೇ ನನ್ನ ಅಭಿಪ್ರಾಯ. ಗ್ರಾಹಕ ಆಯೋಗದ ಬಾಗಿಲನ್ನು ನಾವು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕಾದದ್ದು ಇದಕ್ಕೇ.

● ಈ ಕಾಯ್ದೆ ಮುಟ್ಟದ ಜಾಗಗಳೂ ಇವೆ. ಕಾಗದದ ಮೇಲಷ್ಟೇ ಇರುವ ಮಾಹಿತಿ ಇದರಡಿ ಬರುವುದಿಲ್ಲ, ಕಂಪ್ಯೂಟರಿಗೆ ಏರಿದ ಮೇಲಷ್ಟೇ ಬರುತ್ತದೆ. ಕಾನೂನಿನ ಪ್ರಕಾರವೇ ಬಹಿರಂಗವಾಗಿಡಬೇಕಾದ ಮಾಹಿತಿಗೂ ಇದು ಅನ್ವಯಿಸುವುದಿಲ್ಲ. ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸರಿಯಾಗಿ ಬಾರದೆ ಪಕ್ಕಕ್ಕೆ ಎಸೆದ ಆಧಾರ್ ಪ್ರತಿಯನ್ನು ಈ ಕಾಯ್ದೆ ಕಾಯುವುದಿಲ್ಲ. ಅದನ್ನು ಕೇಳಿ ತೆಗೆದುಕೊಂಡು ಬನ್ನಿ. ಕೊಡುವ ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಅಡ್ಡಲಾಗಿ ಬರೆದು ಸಹಿ ಮಾಡಿ ಕೊಡಿ.

● ಮೊಬೈಲಿನಲ್ಲಿ ಸಾಲ ಕೊಡುವ ಆ್ಯಪುಗಳು ನಿಮ್ಮ ಫೋನಿನಲ್ಲಿರುವ ನಂಬರುಗಳ ಪಟ್ಟಿ, ಕರೆಗಳ ವಿವರ, ಫೋಟೊಗಳನ್ನು ಮುಟ್ಟುವಂತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ ಹೀಗೆ ಹೇಳುತ್ತದೆ. ಸಾಲ ಕೊಡುವ ಆ್ಯಪ್ ನಂಬರುಗಳ ಪಟ್ಟಿ ಕೇಳಿತೆಂದರೆ ಅಲ್ಲಿಗೇ ನಿಲ್ಲಿಸಿ.

● ನಿಮ್ಮ ಹೆಸರಿನಲ್ಲಿ ನಿಮಗೆ ಗೊತ್ತಿಲ್ಲದ ಸಂಘದ ಸಾಲ ಇದೆಯೇ? ಸಿಬಿಲ್, ಕ್ರಿಫ್ ಹೈ ಮಾರ್ಕ್ ಮುಂತಾದ 4 ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ಸಾಲದ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲಿಯೇ ತಿಳಿಸಬಹುದು.

● ಖಾತೆಯಿಂದ ಹಣ ಹೋದರೆ ಮೊದಲು 1930ಕ್ಕೆ ಫೋನ್ ಮಾಡಿ. ಅದೇ ದಿನ ಬ್ಯಾಂಕಿಗೂ ತಿಳಿಸಿ, ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರಿಂದ ಆದ ನಷ್ಟವನ್ನು, ಬ್ಯಾಂಕಿನಿಂದ ತಿಳಿವಳಿಕೆ ಬಂದ 3 ಕೆಲಸದ ದಿನದೊಳಗೆ ವರದಿ ಮಾಡಿದರೆ, ಆ ಹೊಣೆ ನಿಮ್ಮದಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿತ್ತು.

● ಮಾಹಿತಿ ಪಡೆಯಲು ಒಪ್ಪಿಗೆ ಕೇಳುವಾಗ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕೆಂದು ಹೊಸ ಕಾಯ್ದೆ ಹೇಳುತ್ತದೆ. ಕನ್ನಡ ಅದರಲ್ಲಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ನಮಗೆ ಬರುತ್ತದೆ, ಕೇಳೋಣ. ಆದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅರವತ್ತು ವರ್ಷಕ್ಕೂ ಮೇಲೆ ಬಾಳಿರುವವರ ಟಿಬೆಟನ್ ಆ ಪಟ್ಟಿಯಲ್ಲಿಲ್ಲ. ಎಚ್.ಡಿ. ಕೋಟೆ ಹಾಡಿಗಳ ಜೇನುಕುರುಬರ ನುಡಿಯೂ ಇಲ್ಲ. 2023ರ ನವೆಂಬರಿನಲ್ಲಿ ಶುರುವಾದ ಪಿಎಂ ಜನಮನ್ ಯೋಜನೆಯಲ್ಲಿ ಹಾಡಿಗಳಿಗೇ ಹೋಗಿ ಆಧಾರ್ ಮಾಡಿಸುವ, ಖಾತೆ ತೆರೆಯುವ ಶಿಬಿರಗಳು ನಡೆದವು. ಮೊದಲ ಸಲ ಬೆರಳಿಟ್ಟ ಆ ಹಿರಿಯರಿಗೆ, ಇನ್ನು ಮುಂದೆ ಎಲ್ಲಿ ಬೆರಳಿಡಬಾರದು ಎಂಬುದನ್ನು ಅವರ ಮಾತಿನಲ್ಲೇ ಹೇಳಬಲ್ಲ ಹುಡುಗ ಹುಡುಗಿಯರು ಹಾಡಿಗಳಲ್ಲೇ ಇದ್ದಾರೆ. ಮುಂದಿನ ಶಿಬಿರ ನಡೆಯುವಾಗ ಅವರನ್ನೂ ಮೇಜಿನ ಪಕ್ಕದಲ್ಲಿ ಕೂರಿಸಿಕೊಳ್ಳಿ.