ಟೆರ್ವಾರ್: ದ್ರಾಕ್ಷಿತೋಟದ ಮಾತು, ಎರೆಹೊಲದ ಬೆಳೆ

ಒಂದೇ ತಳಿಯ ದ್ರಾಕ್ಷಿ ಅಕ್ಕಪಕ್ಕದ ಎರಡು ತೋಟಗಳಲ್ಲಿ ಬೇರೆ ಬೇರೆ ರುಚಿಯ ವೈನ್ ಕೊಡುವುದುಂಟು. ಫ್ರಾನ್ಸಿನ ವೈನ್ ತಯಾರಕರು ಇದಕ್ಕೆ ಕೊಡುವ ಕಾರಣ ‘ಟೆರ್ವಾರ್’. ಮಣ್ಣು, ಅದರಡಿಯ ಕಲ್ಲು, ನೆಲದ ಇಳಿಜಾರು, ಬಿಸಿಲು, ಮಳೆ, ಜೊತೆಗೆ ಅಲ್ಲಿನವರ ಬೇಸಾಯದ ರೂಢಿ ಇವೆಲ್ಲ ಆ ಒಂದು ಮಾತಿನಲ್ಲಿ ಅಡಗಿವೆ.

ಮಾತಿನ ಬೇರು ಲ್ಯಾಟಿನ್‌ನ ‘ಟೆರ್ರಾ’, ಅಂದರೆ ನೆಲ. ಸೀಮೆಯನ್ನು ಸೂಚಿಸುವ ‘ಟೆರಿಟೋರಿಯಂ’ ಜನರ ಬಾಯಲ್ಲಿ ಸವೆದು, 13ನೇ ಶತಮಾನದ ಹೊತ್ತಿಗೆ ಫ್ರೆಂಚ್‌ನಲ್ಲಿ ಈ ರೂಪ ಪಡೆದಿತ್ತು. ಸ್ವಾರಸ್ಯವೆಂದರೆ, ಮುಂದೆ ಬಹುಕಾಲ ಇದು ಹೊಗಳಿಕೆಯಾಗಿರಲಿಲ್ಲ. 17–18ನೇ ಶತಮಾನದಲ್ಲಿ ಪಟ್ಟಣದ ರಸಿಕರು ಒರಟು ವೈನನ್ನು ‘ಟೆರ್ವಾರ್ ರುಚಿಯದು’ ಎಂದು ಮೂಗು ಮುರಿಯುತ್ತಿದ್ದರು. ಬೈಗುಳ ಬಿರುದಾದದ್ದು ನಂತರ. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಕೀಟ ದ್ರಾಕ್ಷಿ ಬೇರುಗಳನ್ನು ತಿಂದುಹಾಕಿತು, ಪೇಟೆಯಲ್ಲಿ ಕಲಬೆರಕೆ ಹೆಚ್ಚಿತು. ಊರಿನ ಹೆಸರನ್ನು ಕಾಯಲು 1935ರಲ್ಲಿ ಕಾನೂನು ಬಂತು.

ಕರ್ನಾಟಕದಲ್ಲಿ ಈ ಮಾತು ನಂದಿಬೆಟ್ಟದ ಸೀಮೆಯ ವೈನ್‌ನೊಂದಿಗೆ ಕೇಳಿಬರುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕವೂ ದಕ್ಕಿತು. ಆದರೆ ಟೆರ್ವಾರ್ ಅರ್ಥವಾಗಲು ವೈನೇ ಬೇಕೆಂದಿಲ್ಲ, ಗದಗ ಸೀಮೆಯ ಹೊಲಗಳು ಸಾಕು.

1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿಬೀಜವನ್ನು ಭಾರತದ ಹಲವೆಡೆ ಬಿತ್ತಿಸಿತು. ಬಹುತೇಕ ಕಡೆ ಅದು ಸೋತಿತು. ಧಾರವಾಡ ಜಿಲ್ಲೆಯಲ್ಲಿ ಮಾತ್ರ ಗಟ್ಟಿಯಾಗಿ ನೆಲೆಯೂರಿ ‘ಧಾರವಾಡ ಅಮೆರಿಕನ್’ ಎಂಬ ಹೆಸರನ್ನೇ ಪಡೆಯಿತು. 1997ರವರೆಗೆ ಗದಗ ಆ ಜಿಲ್ಲೆಯ ಭಾಗವೇ ಆಗಿತ್ತು. ಮುಂಗಾರು ಹಿಂಗಾರು ಎರಡೂ ತಟ್ಟುವ ನೆಲ, ಹಸಿ ಹಿಡಿದಿಡುವ ಕಪ್ಪು ಎರೆಮಣ್ಣು: ಪರದೇಶದ ಬೀಜ ಬೇರೆಲ್ಲೂ ಇಷ್ಟು ಸಲೀಸಾಗಿ ಒಗ್ಗಲಿಲ್ಲ.

ಅದಕ್ಕಿಂತ ಹಳೆಯ ಪರದೇಶಿ ಮೆಣಸಿನಕಾಯಿ. ಪೋರ್ಚುಗೀಸರೊಂದಿಗೆ ಅಮೆರಿಕ ಖಂಡದಿಂದ ಬಂದ ಗಿಡ ಇಲ್ಲಿ ‘ಬ್ಯಾಡಗಿ’ಯಾಗಿದೆ. ಖಾರ ಕಡಿಮೆ, ಬಣ್ಣ ಕಡುಗೆಂಪು. ಗಿಡ್ಡನೆಯ ದಪ್ಪ ಕಾಯಿ ಡಬ್ಬಿ, ಉದ್ದನೆಯ ಸುಕ್ಕು ಕಾಯಿ ಕಡ್ಡಿ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಯ ಸುತ್ತ ಇದು ಮಳೆಯಾಶ್ರಿತ ಬೆಳೆ. ಹಳೆಯ ಪದ್ಧತಿಯಲ್ಲಿ ಒಂದೇ ಹೊಲದಲ್ಲಿ ಮೂರು ಬೆಳೆ: ಮುಂಗಾರಿಗೆ ಉಳ್ಳಾಗಡ್ಡಿ, ಮೆಣಸಿನಕಾಯಿ, ನಡುವೆ ಆಮೇಲೆ ಊರುವ ಹತ್ತಿ. ಮೊದಲು ಉಳ್ಳಾಗಡ್ಡಿ ಕೀಳುತ್ತಾರೆ, ಮುಂದೆ ಚಳಿಗಾಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಾರೆ, ಕೊನೆಗೆ ಹತ್ತಿ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಮನೆ ನಡೆಸುತ್ತದೆ. ಫ್ರೆಂಚರು ಟೆರ್ವಾರ್‌ನಲ್ಲಿ ಸೇರಿಸುವ ಬೇಸಾಯದ ರೂಢಿ ಇಂಥದ್ದೇ.

ಮುಂಡರಗಿಯ ಕಡೆ, ಕಪ್ಪತಗುಡ್ಡದ ಬುಡದಲ್ಲಿ, ಎರೆಯ ಜೊತೆ ಕೆಂಪು ಮಸಾರಿ ಮಣ್ಣೂ ಸಿಗುತ್ತದೆ. ಮಸಾರಿ ಬೇಗ ಒಣಗುತ್ತದೆ, ಬೇಸಾಯವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಇಷ್ಟಾದರೂ ಗದಗ ಸೀಮೆಯ ಕಾಯಿ ಮಾರಾಟವಾಗುವುದು ಹಾವೇರಿ ಜಿಲ್ಲೆಯ ಪೇಟೆಯೂರು ಬ್ಯಾಡಗಿಯ ಹೆಸರಿನಲ್ಲಿ. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದೂ ಬ್ಯಾಡಗಿ ಮೆಣಸಿನಕಾಯಿ ಎಂದೇ. ಪೇಟೆಯ ಹೆಸರು ಹೊಲದ ಹೆಸರನ್ನು ನುಂಗುವುದು ಹೊಸತೇನಲ್ಲ. ಫ್ರಾನ್ಸಿನ ಬೋರ್ಡೊ ವೈನ್ ಕೂಡ ಪಡೆದದ್ದು ಬಂದರು ಪಟ್ಟಣದ ಹೆಸರನ್ನೇ.

ಹೆಸರಿಗಿಂತ ದೊಡ್ಡ ಕಷ್ಟ ಬೀಜದ್ದು. ಎಲೆ ಮುರುಟಿಸುವ ಥ್ರಿಪ್ಸ್, ಮೈಟ್ ನುಸಿಗಳ ಕಾಟ, ಕೈಕೊಡುವ ಮಳೆ, ಬಿಡಿಸುವ ಕೂಲಿ ಎಲ್ಲ ಸೇರಿ ರೈತ ಹೆಚ್ಚು ಇಳುವರಿಯ ಸಂಕರಣ ತಳಿಗೋ ಗೋವಿನಜೋಳಕ್ಕೋ ಹೊರಳುತ್ತಾನೆ. ಅವನನ್ನು ದೂರುವಂತಿಲ್ಲ. ಭೌಗೋಳಿಕ ಸೂಚಕಗಳ 1999ರ ಕಾಯ್ದೆ ಊರಿನ ಹೆಸರನ್ನು ನಕಲಿಯಿಂದ ಕಾಯುತ್ತದೆ. ಆದರೆ ಅದರ ಹಕ್ಕು ಪೂರ್ತಿ ದಕ್ಕಲು ಬೆಳೆಗಾರ ‘ಅಧಿಕೃತ ಬಳಕೆದಾರ’ನಾಗಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಮನೆಯ ಬೀಜ ಉಳಿಸಿ ಬಿತ್ತುವವನಿಗೆ ಬೆಲೆ ಖಾತ್ರಿ ಮಾಡುವ ಮಾತು ಆ ಕಾಯ್ದೆಯಲ್ಲಿಲ್ಲ.