ಶನಿವಾರ ಹೊರಟು ಸೋಮವಾರ ಇಳಿದ ವಿಮಾನ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ನಿಮ್ಮ ಅಕ್ಕ ಫೋನ್ ಮಾಡಿ, "ಶನಿವಾರ ರಾತ್ರಿ ಎಂಟೂವರೆಗೆ ವಿಮಾನ, ಹದಿನೇಳು ಗಂಟೆಯ ಪ್ರಯಾಣ" ಎಂದಳೆನ್ನಿ. ಅವಳನ್ನು ಕರೆತರಲು ನೀವು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಹೋಗುತ್ತೀರಿ? ಬೆರಳೆಣಿಸಿ ಭಾನುವಾರ ಮಧ್ಯಾಹ್ನ ಒಂದೂವರೆಗೆ ಹೋದಿರೋ, ಅರ್ಧ ದಿನಕ್ಕೂ ಹೆಚ್ಚು ಕಾಯಬೇಕಾದೀತು!

ಇದು ನಿಜವಾಗಿ ನಡೆದ ಪ್ರಯಾಣದ ಲೆಕ್ಕ. ಈ ಎರಡು ನಗರಗಳ ನಡುವೆ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ 2021ರ ಜನವರಿ 9, ಶನಿವಾರ ರಾತ್ರಿ ಅಲ್ಲಿಂದ ಹೊರಟಿತು. ಬೆಂಗಳೂರಿನಲ್ಲಿ ಇಳಿದದ್ದು 11ರ ಸೋಮವಾರ, ಬೆಳಗಿನ ಜಾವ ಸುಮಾರು ಮೂರು ಗಂಟೆಗೆ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಅದನ್ನು ನಡೆಸಿದ ಚಾಲಕರೆಲ್ಲರೂ ಮಹಿಳೆಯರು. ಗೋಡೆಯ ಕ್ಯಾಲೆಂಡರ್ ಪ್ರಕಾರ ಮೂವತ್ತು ಗಂಟೆಗೂ ಹೆಚ್ಚು. ಆಕಾಶದಲ್ಲಿ ಕಳೆದದ್ದು ಸುಮಾರು ಹದಿನೇಳು. ಉಳಿದ ಹದಿಮೂರೂವರೆ ಗಂಟೆ ಎರಡು ಊರುಗಳ ಗಡಿಯಾರಗಳ ಅಂತರ. ಬೇಸಿಗೆಯಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಈ ಅಂತರ ಹನ್ನೆರಡೂವರೆ.

ಇನ್ನು ದೂರದ ವಿಚಾರ. ಗೋಡೆಯ ಭೂಪಟದ ಮೇಲೆ ಅಳತೆಪಟ್ಟಿ ಇಟ್ಟರೆ ಗೆರೆ ಅರಬ್ಬೀ ಸಮುದ್ರ, ಸಹಾರಾ, ಅಟ್ಲಾಂಟಿಕ್ ದಾಟಿಕೊಂಡು ಹೋಗುತ್ತದೆ. ಶಾಲೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ದಾರ ಟಿಬೆಟ್, ಮಂಗೋಲಿಯ, ಸೈಬೀರಿಯಗಳನ್ನು ಹಾದು ಅಲಾಸ್ಕದ ಮೇಲಿಂದ ಇಳಿಯುತ್ತದೆ! ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಆಗುವ ಎಡವಟ್ಟು ಇದು. ದಾರ ಹಿಡಿದ ಹಾದಿಗೆ ಮಹಾವೃತ್ತ ಮಾರ್ಗವೆಂದು ಹೆಸರು; ಉದ್ದ ಸುಮಾರು 14,000 ಕಿಲೋಮೀಟರ್. ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಆದರೂ ಅಂದಿನ ವಿಮಾನ ಉತ್ತರ ಧ್ರುವದ ಮೇಲಿಂದ ಸುತ್ತಿ, ಸುಮಾರು 16,000 ಕಿಲೋಮೀಟರ್ ಹಾರಿತು. ಹತ್ತಿರದ ದಾರಿಯೇ ಸದಾ ಅನುಕೂಲದ ದಾರಿಯಲ್ಲ. ಟಿಬೆಟ್ಟನ್ನೇ ನೋಡಿ. ಹಾರುವಾಗ ಒಳಗಿನ ಗಾಳಿಯ ಒತ್ತಡ ಕುಸಿದರೆ, ಪ್ರಯಾಣಿಕರು ಉಸಿರಾಡುವಂತಾಗಲು ವಿಮಾನ ಕೂಡಲೇ ಸುಮಾರು ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಯಬೇಕು. ಅಲ್ಲಿ ನೆಲವೇ ನಾಲ್ಕೈದು ಕಿಲೋಮೀಟರ್ ಎತ್ತರದಲ್ಲಿದೆ, ಇಳಿಯುವುದೆಲ್ಲಿಗೆ?

ಗಾಳಿಯದು ಇನ್ನೊಂದು ಕಥೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಜೆಟ್ ಪ್ರವಾಹವೆಂಬ ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತಿರುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ ಇನ್ನೂರು ಕಿಲೋಮೀಟರ್ ದಾಟುವುದುಂಟು. ಬೆನ್ನಿಗೆ ಬಂದರೆ ತಳ್ಳುತ್ತದೆ, ಎದುರಾದರೆ ತಡೆಯುತ್ತದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ಬದಲು ಪೆಸಿಫಿಕ್ ಸಾಗರದ ಮೇಲೆ ಹಾರಿತು. ದೂರ ಸುಮಾರು 1,400 ಕಿಲೋಮೀಟರ್ ಹೆಚ್ಚಾಗಿ 15,300 ಆಯಿತು. ಹೊತ್ತು ಮಾತ್ರ ಹದಿನಾಲ್ಕೂವರೆ ಗಂಟೆ, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಕಡಿಮೆ.