ಮರೆತ ಸ್ಪ್ಯಾನಿಷ್ ಮತ್ತೆ ನಾಲಿಗೆಗೆ ಬರಲು ಕನ್ನಡದ ದಾರಿ

ಬೆಂಗಳೂರು, ಪುಣೆಯ ಕಂಪನಿಗಳಲ್ಲಿ ಕೆಲಸಕ್ಕೆಂದು ಸ್ಪ್ಯಾನಿಷ್ ಕಲಿತು, ಪ್ರಾಜೆಕ್ಟ್ ಮುಗಿದ ಮೇಲೆ ಕೈಬಿಟ್ಟವರು ನಮ್ಮಲ್ಲಿ ಇದ್ದಾರೆ. ಐದಾರು ವರ್ಷ ಕಳೆದ ಮೇಲೆ ಪುಸ್ತಕ ತೆರೆದರೆ ಓದಿದ್ದು ಅರ್ಧಂಬರ್ಧ ತಿಳಿಯುತ್ತದೆ, ಮಾತಾಡಲು ಹೋದರೆ ಬಾಯಿ ಕಟ್ಟುತ್ತದೆ. ಎಲ್ಲಾ ಹೋಯಿತು ಎಂದುಕೊಂಡು ಮತ್ತೆ ಮೊದಲ ಪಾಠದಿಂದ ಶುರು ಮಾಡುವವರೇ ಹೆಚ್ಚು. ಅದು ಬೇಕಿಲ್ಲ. ಮರೆತದ್ದನ್ನು ಮರಳಿ ಪಡೆಯುವ ಕೆಲಸ ಬೇರೆ, ಅಲ್ಲಿಂದ ಮೇಲಿನ ಮಟ್ಟಕ್ಕೆ ಏರುವ ಕೆಲಸ ಬೇರೆ. ಎರಡರಲ್ಲೂ ಕನ್ನಡಿಗರಿಗೆ ದೊಡ್ಡ ನೆರವು ಸಿಗುವುದು ಇಂಗ್ಲಿಷಿನಿಂದಲ್ಲ, ಕನ್ನಡದಿಂದಲೇ.

ಎಷ್ಟು ಹೋಗಿದೆ, ಎಷ್ಟು ಉಳಿದಿದೆ

ಅಮೆರಿಕದ ಒಹಾಯೊ ವೆಸ್ಲಿಯನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಹ್ಯಾರಿ ಬಾರಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಸರಿಯಾಗಿ ಇದೇ ವಿಷಯದ್ದು. ಶಾಲೆ, ಕಾಲೇಜಿನಲ್ಲಿ ಸ್ಪ್ಯಾನಿಷ್ ಓದಿದ 733 ಜನರನ್ನು ಅವರು ಪರೀಕ್ಷಿಸಿದರು. ಕೆಲವರು ಕಲಿಕೆ ಮುಗಿಸಿ 50 ವರ್ಷದಷ್ಟು ಆಗಿತ್ತು. ಕಂಡುಬಂದದ್ದು ಇಷ್ಟು: ಮರೆವು ಮೊದಲ ಮೂರರಿಂದ ಆರು ವರ್ಷದಲ್ಲಿ ವೇಗವಾಗಿ ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ಅಷ್ಟರ ನಂತರವೂ ಉಳಿದದ್ದು, ನಡುವೆ ಬಳಸದೆ ಇದ್ದರೂ, ಮೂವತ್ತು ವರ್ಷದವರೆಗೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಮೊದಲು ಗಟ್ಟಿಯಾಗಿ ಕಲಿತವರಲ್ಲಿ ಉಳಿದ ಪಾಲೂ ದೊಡ್ಡದು.

ಅಂದರೆ ನಿಮ್ಮ ಸ್ಪ್ಯಾನಿಷ್ ಬಹುಮಟ್ಟಿಗೆ ಒಳಗೇ ಇದೆ. ಬೇಕೆಂದಾಗ ಅದು ಕೈಗೆ ಸಿಗುತ್ತಿಲ್ಲ, ಅಷ್ಟೆ. ಹಾಗಾಗಿ ಮೊದಲ ಹಂತದ ಕೆಲಸ ಹೊಸದನ್ನು ತುಂಬುವುದಲ್ಲ, ಇದ್ದದ್ದನ್ನು ಹೊರಗೆ ತೆಗೆಯುವುದು.

ಮೊದಲು ಅಳೆದು ನೋಡಿ

ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾಮಟ್ಟದ ಅಳತೆಗೋಲಿನಲ್ಲಿ ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು. ಬಿ1 ಎಂದರೆ ದಿನದ ವ್ಯವಹಾರ ನಡೆಸಬಲ್ಲಿರಿ, ಬಿ2 ಎಂದರೆ ತಡವರಿಸದೆ ಸಂವಾದ ಮಾಡಬಲ್ಲಿರಿ, ಸಿ1 ಎಂದರೆ ಗಹನವಾದ ವಿಷಯವನ್ನು ಕ್ರಮವಾಗಿ, ಸಂದರ್ಭಕ್ಕೆ ತಕ್ಕ ಧಾಟಿಯಲ್ಲಿ ಹೇಳಿ ಬರೆಯಬಲ್ಲಿರಿ.

ನೀವೆಲ್ಲಿದ್ದೀರಿ ಎಂದು ತಿಳಿಯಲು ಊರಿನ ಬಗ್ಗೆ ಐದು ನಿಮಿಷ ಸ್ಪ್ಯಾನಿಷಿನಲ್ಲಿ ಮಾತಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಸವದತ್ತಿ ತಾಲ್ಲೂಕಿನ ಹೂಲಿಯನ್ನೇ ತೆಗೆದುಕೊಳ್ಳಿ. ಶಾಸನಗಳಲ್ಲಿ ಪೂಲಿ ಎಂಬ ಹೆಸರು, ಕಲ್ಯಾಣ ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿ, ಸುತ್ತ ಪಾಳುಬಿದ್ದ ಹತ್ತಾರು ಗುಡಿಗಳು, ಗುಡ್ಡದ ಮೇಲೆ ಕೋಟೆ. ಇಷ್ಟನ್ನು ಹೇಳಲು ಹೊರಟರೆ ಯಾವ ಎಳೆ ಎಲ್ಲಿ ಹರಿದಿದೆ ಎಂಬುದು ತಾನೇ ಗೊತ್ತಾಗುತ್ತದೆ.

ಗುಡಿ ಹೂಲಿಯಲ್ಲಿದೆ ಎನ್ನಲು 'ಎಲ್ ತೆಂಪ್ಲೊ ಎಸ್ ಎನ್ ಹೂಲಿ' ಅಂದಿರಾ? ಅಲ್ಲಿ 'ಎಸ್ತಾ' ಬರಬೇಕಿತ್ತು. ಕಟ್ಟಿಸಿದ ಕಾಲ ಹೇಳುವಾಗ 'ಸೆ ಕೊನ್ಸ್ತ್ರುಯೊ', ಕಲ್ಲಿನಲ್ಲಿ ಕಟ್ಟಿದೆ ಎನ್ನುವಾಗ 'ಎಸ್ತಾ ಕೊನ್ಸ್ತ್ರುಯಿದೊ' ಎಂಬ ವ್ಯತ್ಯಾಸ ನೆನಪಾಯಿತಾ? ರೆಕಾರ್ಡಿಂಗ್ ಕೇಳಿ, ತಡವರಿಸಿದ ಕಡೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ ಎರಡು ತಿಂಗಳಿಗೆ ಅದೇ ನಿಮ್ಮ ಪಠ್ಯ.

ಮೊದಲ ಎರಡು ತಿಂಗಳು

ದಿನಕ್ಕೆ ಒಂದು ತಾಸು ಸಾಕು, ಆದರೆ ತಪ್ಪಿಸಬೇಡಿ. ಅದರಲ್ಲಿ ಅರ್ಧ ತಾಸು ಕೇಳಲು. 2012ರಲ್ಲಿ ಶುರುವಾದ 'ರೇಡಿಯೊ ಆಂಬುಲಾಂತೆ' ಲ್ಯಾಟಿನ್ ಅಮೆರಿಕದ ನಿಜ ಕಥೆಗಳನ್ನು ಹೇಳುವ ಪಾಡ್‌ಕಾಸ್ಟ್. ಅದರ ಸಂಚಿಕೆಗಳ ಪೂರ್ತಿ ಪಠ್ಯ ಜಾಲತಾಣದಲ್ಲಿ ಸಿಗುತ್ತದೆ. ಮೊದಲು ಪಠ್ಯ ನೋಡದೆ ಕೇಳಿ, ಆಮೇಲೆ ಪಠ್ಯ ಹಿಡಿದು ಕೇಳಿ, ಕೊನೆಗೆ ಎರಡು ನಿಮಿಷದ ಭಾಗವನ್ನು ಅವರ ಹಿಂದೆಯೇ ಗಟ್ಟಿಯಾಗಿ ಹೇಳಿ. ಉಳಿದ ಅರ್ಧ ತಾಸಿನಲ್ಲಿ ಹಳೆಯ ಪಠ್ಯಪುಸ್ತಕವನ್ನು ವೇಗವಾಗಿ ತಿರುವಿಹಾಕಿ. ಗೊತ್ತಿದ್ದ ಪಾಠ ಬಿಡಿ, ನೋಟ್‌ಬುಕ್ಕಿನಲ್ಲಿ ಗುರುತಿಸಿದ, ಎಡವಿದ ಪಾಠದಲ್ಲಿ ನಿಲ್ಲಿ.

ಪದಗಳ ವಿಷಯದಲ್ಲಿ ಬಾರಿಕ್ ಅವರ ಇನ್ನೊಂದು ಅಧ್ಯಯನ ದಾರಿ ತೋರಿಸುತ್ತದೆ. 1993ರಲ್ಲಿ ಪ್ರಕಟವಾದ ಅದರಲ್ಲಿ ಅವರ ಮನೆಯ ನಾಲ್ವರೇ ಪರೀಕ್ಷೆಗೆ ಕೂತು ತಲಾ 300 ಪರಭಾಷಾ ಪದಗಳನ್ನು ಕಲಿತರು. 56 ದಿನಕ್ಕೊಮ್ಮೆಯಂತೆ 13 ಸಲ ಓದಿದ್ದೂ, 14 ದಿನಕ್ಕೊಮ್ಮೆಯಂತೆ 26 ಸಲ ಓದಿದ್ದೂ ವರ್ಷಗಳ ನಂತರ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಒಂದೇ ವಾರ ಉರುಹೊಡೆಯುವ ಬದಲು ಅಂತರ ಬಿಟ್ಟು ಮತ್ತೆಮತ್ತೆ ನೆನಪಿಸಿಕೊಳ್ಳಬೇಕು ಎಂಬುದೇ ಇದರ ತಾತ್ಪರ್ಯ. 'ಆಂಕಿ' ಎಂಬ ಆ್ಯಪ್ ಈ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಒಂಟಿ ಪದ ಹಾಕಬೇಡಿ, ಪದ ಬಂದ ವಾಕ್ಯವನ್ನೇ ಹಾಕಿ.

ಕನ್ನಡದಿಂದ ನೇರವಾಗಿ

ನಮ್ಮಲ್ಲಿ ಸ್ಪ್ಯಾನಿಷ್ ಪಾಠ ನಡೆಯುವುದು ಇಂಗ್ಲಿಷ್ ಮೂಲಕ. ಅದರಿಂದಾಗಿ ಇಂಗ್ಲಿಷರಿಗೆ ಕಷ್ಟವಾಗುವುದೆಲ್ಲ ನಮಗೂ ಕಷ್ಟ ಎಂದು ನಂಬಿಬಿಡುತ್ತೇವೆ. ನಿಜ ಸ್ಥಿತಿ ಹಾಗಿಲ್ಲ.

'ಮೆ ಗುಸ್ತಾ ಎಲ್ ಪಾನ್' ಎಂಬುದನ್ನು ಇಂಗ್ಲಿಷರು ತಲೆಕೆಳಗಾದ ವಾಕ್ಯವೆಂದು ಕಲಿಯುತ್ತಾರೆ. ನಮಗೆ ಅದು 'ನನಗೆ ರೊಟ್ಟಿ ಸೇರುತ್ತದೆ' ಎಂಬ ಜಾಡಿನ ನೇರ ಮಾತು. ಹಣ್ಣುಗಳಾದರೆ 'ಸೇರುತ್ತವೆ' ಎಂದು ಕ್ರಿಯಾಪದ ಬದಲಾಗುವಂತೆ ಅಲ್ಲೂ 'ಗುಸ್ತಾನ್' ಎಂದಾಗುತ್ತದೆ.

ಭೂತಕಾಲ ನೋಡಿ. 'ನಿನ್ನೆ ಗುಡ್ಡಕ್ಕೆ ಹೋದೆ' ಎಂಬಲ್ಲಿ 'ಫುಯಿ', 'ಸಣ್ಣವನಿದ್ದಾಗ ಪ್ರತಿ ವರ್ಷ ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದೆ' ಎಂಬಲ್ಲಿ 'ಇಬಾ'. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ ನಡೆಯುತ್ತದೆ, ಅದಕ್ಕೇ ಅವರು ಇಲ್ಲಿ ವರ್ಷಗಟ್ಟಲೆ ಎಡವುತ್ತಾರೆ. ಕನ್ನಡದಲ್ಲಿ ಮೊದಲು ಹೇಳಿಕೊಂಡರೆ ಉತ್ತರ ಬಹುಪಾಲು ಸಿಕ್ಕಂತೆಯೇ.

ಅತಿ ಕಷ್ಟವೆಂದು ಹೆಸರಾದದ್ದು ಸಬ್‌ಜಂಕ್ಟಿವ್. ಕನ್ನಡದ 'ಬರಲಿ' ಎಂಬ ವಿಧ್ಯರ್ಥಕ, 'ಬಂದಾನು' ಎಂಬ ಸಂಭಾವನಾರ್ಥಕ ಎರಡೂ ಆ ಸೀಮೆಯವು. 'ಅವನು ಬರಲಿ ಅಂತ ನನ್ನ ಆಸೆ' ಎಂಬಲ್ಲಿ ಸ್ಪ್ಯಾನಿಷಿನಲ್ಲಿ 'ವೆಂಗಾ' ಬರುತ್ತದೆ, 'ಬಂದಾನು' ಎಂಬಲ್ಲೂ ಸಾಮಾನ್ಯವಾಗಿ ಅದೇ. 'ಬರುತ್ತಾನೆ' ಎಂದು ಖಚಿತವಾಗಿ ಹೇಳುವಾಗ 'ವಿಯೆನೆ'. ಕೈಯಿಂದ ಜಾರಿ ಲೋಟ ಬಿದ್ದಾಗ ತಪ್ಪನ್ನು ನಮ್ಮ ಮೇಲೆ ಹೊರದೆ 'ಲೋಟ ಬಿತ್ತು' ಎನ್ನುತ್ತೇವಲ್ಲ, ಅವರೂ 'ಸೆ ಮೆ ಕಾಯೊ' ಎನ್ನುತ್ತಾರೆ. 'ನನಗೆ ಮರೆತುಹೋಯಿತು' ಎಂಬುದು 'ಸೆ ಮೆ ಒಲ್ವಿದೊ'. ಮೇಲಿನ ಮಟ್ಟದ ಸ್ಪ್ಯಾನಿಷಿಗೆ ಸಹಜತೆ ಕೊಡುವುದು ಇಂಥ ಬಳಕೆಗಳೇ.

'ಮನೆ ನೋಡಿದೆ' ಎನ್ನಬಹುದು, ಆದರೆ 'ಮಾರಿಯಾ ನೋಡಿದೆ' ಎಂದರೆ ಅರ್ಥವೇ ಬೇರೆ, 'ಮಾರಿಯಾಳನ್ನು' ಎನ್ನಲೇಬೇಕು. ಸ್ಪ್ಯಾನಿಷಿನಲ್ಲೂ ಮನುಷ್ಯರು ಕರ್ಮವಾದಾಗ 'ಆ' ಸೇರುತ್ತದೆ, ಮನೆಗೆ ಬೇಕಿಲ್ಲ. ಉಚ್ಚಾರದಲ್ಲೂ ಹಾಗೆಯೇ: ಅಲ್ಲಿರುವುದು ನಮ್ಮ ತ, ದ, ಇಂಗ್ಲಿಷ್ ಅಭ್ಯಾಸದ ಟ, ಡ ಅಲ್ಲ. 'ಪೆರೊ' ಎಂದರೆ ಆದರೆ, 'ಪೆರ್ರೊ' ಎಂದರೆ ನಾಯಿ. ಈ ಅಂತರ ಹಿಡಿಯಲು ಕನ್ನಡದ ಕಿವಿಗೆ ತರಬೇತಿ ಬೇಕಿಲ್ಲ.

ಕನ್ನಡ ಒದಗದ ಕಡೆ

ಬೆವರು ಸುರಿಸಬೇಕಾದ ಜಾಗಗಳೂ ಇವೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ. ಸ್ಪ್ಯಾನಿಷಿನಲ್ಲಿ ಮೇಜು, ಕಲ್ಲು, ಕೈ ಎಲ್ಲಕ್ಕೂ ಲಿಂಗವಿದೆ. 'ಲಾ ಮಾನೊ', 'ಎಲ್ ಪ್ರೊಬ್ಲೆಮಾ' ಎಂದು ನಾಮಪದವನ್ನು ಅದರ ಮೊದಲು ಬರುವ 'ಲಾ' ಅಥವಾ 'ಎಲ್' ಜೊತೆಗೇ ಕಲಿಯಬೇಕು.

'ಮಳೆಗೆ ಗೋಡೆ ಬಿತ್ತು', 'ಮದುವೆಗೆ ಸೀರೆ ತಂದೆ' ಎರಡರಲ್ಲೂ ನಮಗೆ 'ಗೆ' ಒಂದೇ. ಸ್ಪ್ಯಾನಿಷಿನಲ್ಲಿ ಕಾರಣಕ್ಕೆ 'ಪೊರ್', ಉದ್ದೇಶಕ್ಕೆ 'ಪಾರಾ'. ಯಾಕೆ ಆಯಿತು, ಯಾವುದರ ಸಲುವಾಗಿ ಎಂದು ಪ್ರತಿ ಸಲ ಕೇಳಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡದು ವಾಕ್ಯದ ಕ್ರಮ. 'ಚಾಲುಕ್ಯರ ಕಾಲದಲ್ಲಿ ಕಟ್ಟಿಸಿದ ಗುಡಿ' ಎಂದು ನಾವು ವಿವರ ಮೊದಲಿಟ್ಟು ಗುಡಿಯನ್ನು ಕೊನೆಗಿಡುತ್ತೇವೆ. ಅವರು ಗುಡಿಯನ್ನು ಮೊದಲು ಹೇಳಿ, 'ಕೆ' ಎಂಬ ಕೊಂಡಿ ಹಾಕಿ ವಿವರ ಹೆಣೆಯುತ್ತಾರೆ. ಪತ್ರಿಕೆಯ ಉದ್ದ ವಾಕ್ಯ ಕಂಡಾಗ ಪ್ರತಿ 'ಕೆ' ಬಳಿ ಗೆರೆ ಹಾಕಿ ತುಂಡು ಮಾಡಿ ಓದಿ. ತಿಂಗಳೊಪ್ಪತ್ತಿನಲ್ಲಿ ಗೆರೆ ಇಲ್ಲದೆ ಓದಲು ಬರುತ್ತದೆ.

ಬಿ2 ದಾಟುವುದು ಹೇಗೆ

ಹೆಚ್ಚಿನವರು ನಿಲ್ಲುವುದು ಇಲ್ಲೇ. ಮಾತು ನಡೆಯುತ್ತದೆ, ಎದುರಿನವರಿಗೆ ಅರ್ಥವಾಗುತ್ತದೆ, ಹಾಗಾಗಿ ಬೆಳವಣಿಗೆ ನಿಂತದ್ದು ಗೊತ್ತೇ ಆಗುವುದಿಲ್ಲ. ಇದನ್ನು ದಾಟಲು ಮೂರು ಕೆಲಸ.

ಒಂದು, ಹೆಚ್ಚು ಓದುವುದು. ನೂರು ಪದಗಳಲ್ಲಿ 98ರಷ್ಟು ಗೊತ್ತಿದ್ದರೆ ನೆರವಿಲ್ಲದೆ ಓದಿಕೊಂಡು ಹೋಗಬಹುದು ಎಂಬುದು ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ ಮತ್ತಿತರರ ಅಧ್ಯಯನಗಳು ಕಂಡುಕೊಂಡದ್ದು. ಪುಟಕ್ಕೆ ಹತ್ತಾರು ಪದ ತಡೆದರೆ ಆ ಪುಸ್ತಕ ಸದ್ಯಕ್ಕೆ ಬಿಡಿ. ಬಿಬಿಸಿಯ ಸ್ಪ್ಯಾನಿಷ್ ತಾಣ 'ಬಿಬಿಸಿ ಮುಂದೊ'ದ ಲೇಖನಗಳಿಂದ ಶುರು ಮಾಡಿ, ಆಮೇಲೆ ಗಾರ್ಸಿಯಾ ಮಾರ್ಕೆಸ್ 1981ರಲ್ಲಿ ಪ್ರಕಟಿಸಿದ 'ಕ್ರೊನಿಕಾ ದೆ ಉನಾ ಮುಯೆರ್ತೆ ಅನುನ್ಸಿಯಾದಾ'ದಂಥ ಚಿಕ್ಕ ಕಾದಂಬರಿಗೆ ಬನ್ನಿ. ನಿಘಂಟನ್ನೂ ಸ್ಪ್ಯಾನಿಷಿನದೇ ಹಿಡಿಯಿರಿ. 1713ರಲ್ಲಿ ಹುಟ್ಟಿದ ಸ್ಪೇನಿನ ಭಾಷಾ ಅಕಾಡೆಮಿ 'ರೆಯಾಲ್ ಅಕಾದೆಮಿಯಾ ಎಸ್ಪಾನ್ಯೊಲಾ'ದ ನಿಘಂಟು ಜಾಲತಾಣದಲ್ಲಿ ಉಚಿತ.

ಎರಡು, ವಾರಕ್ಕೊಂದು ಪುಟ ಬರೆಯುವುದು. 'ಸಿನ್ ಎಂಬಾರ್ಗೊ', 'ಪೊರ್ ಲೊ ತಾಂತೊ', 'ಎಸ್ ದೆಸಿರ್' ಮುಂತಾದ ಕೊಂಡಿಪದಗಳನ್ನು ಇಟ್ಟು ಒಂದು ವಾದವನ್ನು ಕಟ್ಟಿ.

ಮೂರು, ಬರೆದದ್ದನ್ನು ಬಲ್ಲವರಿಂದ ತಿದ್ದಿಸುವುದು. ತಿದ್ದಿದ ವಾಕ್ಯವನ್ನು ಮುಂದಿನ ವಾರದ ಪುಟದಲ್ಲಿ ಬೇಕೆಂದೇ ಬಳಸಿ. ತಿದ್ದಿಸದೆ ಬರೆದರೆ ತಪ್ಪೇ ರೂಢಿಯಾಗುತ್ತದೆ.

ಪರೀಕ್ಷೆ, ಅದರಾಚೆ

ಗುರಿ ಬೇಕೆನ್ನುವವರಿಗೆ ಇನ್ಸ್ತಿತೂತೊ ಸೆರ್ವಾಂತೆಸ್ ನಡೆಸುವ 'ದೆಲೆ' ಪರೀಕ್ಷೆ ಇದೆ. ಆ ಸಂಸ್ಥೆಯ ಒಂದು ಕೇಂದ್ರ ದೆಹಲಿಯಲ್ಲಿದೆ. ದೆಲೆ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ. ಕಂಪ್ಯೂಟರಿನಲ್ಲಿ ಬರೆಯುವ 'ಸಿಯೆಲೆ' ಪರೀಕ್ಷೆಯ ಪ್ರಮಾಣಪತ್ರದ ಅವಧಿ ಐದು ವರ್ಷ. ದೆಲೆ ಸಿ1ರಲ್ಲಿ ಉಪನ್ಯಾಸ ಕೇಳಿ, ಟಿಪ್ಪಣಿ ಮಾಡಿಕೊಂಡು, ಅದರ ಮೇಲೆ ನಿಮ್ಮ ನಿಲುವು ಬರೆಯಬೇಕಾಗುತ್ತದೆ. ಮೇಲೆ ಹೇಳಿದ ಮೂರು ಕೆಲಸಗಳೇ ಅದಕ್ಕೆ ತಯಾರಿ.

ಪರೀಕ್ಷೆಗಿಂತ ದೊಡ್ಡ ಕೆಲಸವೂ ಕಾದಿದೆ. ಸ್ಪ್ಯಾನಿಷ್ 20 ದೇಶಗಳ ಆಡಳಿತ ಭಾಷೆ. ಆ ಸಾಹಿತ್ಯ ಕನ್ನಡಕ್ಕೆ ಬಂದದ್ದು ಹೆಚ್ಚಾಗಿ ಇಂಗ್ಲಿಷ್ ಅನುವಾದಗಳ ಮೂಲಕ. 'ಸೇರುತ್ತದೆ', 'ಬಂದಾನು', 'ಮರೆತುಹೋಯಿತು' ಎಂಬ ನಮ್ಮ ಮಾತಿನ ಬಳಕೆಗಳು ಸ್ಪ್ಯಾನಿಷಿಗೆ ಇಷ್ಟು ಹತ್ತಿರ ಇರುವಾಗ ನಡುವೆ ಮೂರನೆಯ ಭಾಷೆ ಯಾಕೆ ಬೇಕು? ಸಿ1 ಮುಟ್ಟಿದವರು ಒಂದು ಸಣ್ಣ ಕಥೆಯನ್ನಾದರೂ ಮೂಲದಿಂದ ನೇರವಾಗಿ ಕನ್ನಡಕ್ಕೆ ತರಬೇಕು, ಹೂಲಿಯ ಗುಡಿಗಳ ಬಗ್ಗೆ ಎರಡು ಪುಟವನ್ನಾದರೂ ಸ್ಪ್ಯಾನಿಷಿನಲ್ಲಿ ಬರೆಯಬೇಕು. ಹಾಗೆ ಕೆಲಸಕ್ಕೆ ಹಚ್ಚಿದ ಭಾಷೆ ಮತ್ತೆ ಮರೆತುಹೋಗುವುದಿಲ್ಲ.